ಹೆಸರು ಬಿಡಿಸಿಕೊಳ್ಳಲು ಗೋವೆಗೆ

ಕಮಲಾಪುರ

ಗೋವೆಗೆ ಹೋಗಿಬಂದವರು ಕಡಲಿನ ಮಾತಾಡುತ್ತಾರೆ, ಇಗರ್ಜಿಗಳ ಮಾತಾಡುತ್ತಾರೆ. ಎರಡನ್ನೂ ನಾನು ನೋಡಿದೆ. ಕಡಲು ಉಪ್ಪು, ಇಗರ್ಜಿ ಬಿಳಿ. ಅವುಗಳ ಬಗ್ಗೆ ನನಗೆ ಹೇಳಲು ಅಷ್ಟೇ ಇದೆ. ನಿಜಾಮರ ಸೀಮೆ ದಾಟಿ, ಇಂಗ್ಲಿಷರ ಸೀಮೆ ದಾಟಿ, ಪೋರ್ತುಗೀಜರ ಸೀಮೆಗೆ ನಾನು ಹೋದದ್ದು ನನ್ನ ಅಪ್ಪನ ಹೆಸರನ್ನು ಬಿಡಿಸಿಕೊಂಡು ಬರಲು.

ಇದು ವಿಚಿತ್ರವೆನಿಸಬಹುದು. ಆದ್ದರಿಂದ ಮೊದಲು ನಮ್ಮ ಮನೆಯ ಕಟ್ಟಳೆ ಹೇಳಿಬಿಡುತ್ತೇನೆ. ತೀರಿಕೊಂಡ ಹಿರಿಯರ ಹೆಸರನ್ನು ಮನೆಯಲ್ಲಿ ಹುಟ್ಟಿದ ಗಂಡು ಕೂಸಿಗೆ ಇಡುತ್ತೇವೆ. ಆದರೆ ಒಂದೇ ಹೆಸರು ಬದುಕಿರುವ ಇಬ್ಬರ ಮೇಲೆ ಇರಕೂಡದು. ನನ್ನ ಅಪ್ಪನ ಹೆಸರು ಸಿದ್ರಾಮಪ್ಪ. ಅವರು ಹೋದ ಮೇಲೆ ಹುಟ್ಟಿದ ನನ್ನ ಹಿರಿಯ ಮಗನಿಗೆ ಅದೇ ಹೆಸರು ಬಂತು. ಬಂತು ಎಂದರೆ ತೊಟ್ಟಿಲಿಗೆ ಬಂತು, ಅಷ್ಟೇ. ಗಂಡನ ಹೆಸರನ್ನು ನನ್ನ ಅವ್ವ ಬಾಯಿಂದ ಹೇಳುವ ಹಾಗಿರಲಿಲ್ಲ. ಮಾವನ ಹೆಸರನ್ನು ನನ್ನ ಹೆಂಡತಿ ಹೇಳುವ ಹಾಗಿರಲಿಲ್ಲ. ಅವಳು ಹೇಳದೆಯೇ ತೀರಿಹೋದಳು. ಅಪ್ಪನ ಹೆಸರನ್ನು ನಾನು ಹೇಳುವ ಹಾಗಿಲ್ಲ. ಬರೆಯಲು ಅಡ್ಡಿಯಿಲ್ಲ, ಬಾಯಿಂದ ಬರಬಾರದು. ಹೀಗಾಗಿ ಮನೆಮಂದಿಯೆಲ್ಲ ಆ ಹುಡುಗನನ್ನು ‘ಮುತ್ಯಾ’ ಎಂದರು. ನಮ್ಮ ಕಡೆ ಅಜ್ಜನನ್ನು ಕರೆಯುವುದು ಹಾಗೆ. ಊರಿನ ಶಾಲೆಯ ಮಾಸ್ತರರು ನನ್ನ ಅಪ್ಪನ ಮನೆಯಲ್ಲಿ ಉಂಡು ಬೆಳೆದವರು, ಅವರೂ ಮುತ್ಯಾ ಎಂದರು. ಕಲಬುರ್ಗಿಯ ಉರ್ದು ಶಾಲೆಗೆ ಹಾಕಿದೆ. ಅಲ್ಲಿ ಮೌಲ್ವಿಗಳು ಊರು ಹಿಡಿದು ‘ಕಮಲಾಪುರಿ’ ಎಂದರು. ಒಮ್ಮೆ ನಾನು ಬೆತ್ತ ಎತ್ತಿದಾಗ ಅವ್ವ ಅಡ್ಡ ಬಂದು, “ಯಾರ ಮ್ಯಾಲ ಕೈ ಎತ್ತಿದಿ? ನಿಮ್ಮಪ್ಪನ ಮ್ಯಾಲ?” ಎಂದು ಕೂಗಿದ್ದು ಓಣಿಗೆಲ್ಲ ಕೇಳಿಸಿತ್ತು.

ಆ ಮುತ್ಯಾನನ್ನು ನಾನೇ ಹುಬ್ಬಳ್ಳಿಯ ರೈಲು ಕಾರ್ಖಾನೆಗೆ ಸೇರಿಸಿದೆ. ಅವನು ಫಿಟ್ಟರ್ ಆದ, ಗೋವೆಯ ಬಂದರಿಗೆ ಹೋದ, ಅಲ್ಲಿಯ ಹುಡುಗಿಯನ್ನು ಮೆಚ್ಚಿದ, ಪಾದ್ರಿಯ ಕೈಯಿಂದ ತಲೆಗೆ ನೀರು ಹಾಕಿಸಿಕೊಂಡು ಫೆಲಿಕ್ಸ್ ಆದ. ಸುದ್ದಿ ಬಂದ ದಿನ, ಅವನ ಮಾತನ್ನು ಮನೆಯಲ್ಲಿ ಎತ್ತಬಾರದೆಂದು ಹೇಳಿದೆ. ಯಾರೂ ಎತ್ತಲಿಲ್ಲ.

ಈಗ ಕಿರಿಯ ಮಗನಿಗೆ ಗಂಡು ಕೂಸು ಹುಟ್ಟಿತು. ಹೆಸರಿಡುವ ದಿನ ಬಂತು, ಹೋಯಿತು. ಅವ್ವ ತೊಟ್ಟಿಲ ಹಗ್ಗ ಹಿಡಿದು ಕೂತುಬಿಟ್ಟಳು. ತನ್ನ ಗಂಡನ ಹೆಸರೇ ಆಗಬೇಕು. ಆದರೆ ಅದು ಇನ್ನೊಬ್ಬನ ಮೇಲಿದೆ.

“ಅವ ಅದನ್ನ ಬಿಟ್ಟು ವರ್ಷಗಟ್ಟಲೆ ಆತವ್ವ,” ಎಂದೆ.

“ಬಿಟ್ಟೀನಿ ಅಂತ ನಿನ್ನ ಮುಂದ ಅಂದಾನೇನು? ಮನಿ ಬಿಟ್ಟಾನ, ಖರೆ. ಹೆಸರು ಬಿಟ್ಟೀನಿ ಅಂತ ಅಂದಿಲ್ಲ.”

“ಪರಂಗ್ಯಾರ ಹೆಸರು ಇಟ್ಕೊಂಡಾನ.”

“ಒಂದರ ಮ್ಯಾಲ ಒಂದು ಅಂಗಿ ಹಾಕ್ಕೊಂಡ್ರ ಒಳಗಿನ ಅಂಗಿ ಹೋಗ್ತದೇನು? ಹೋಗಿ ಕೇಳಿ ಬಾ. ಇಟ್ಕೋತಾನೋ, ಬಿಡ್ತಾನೋ, ಅವನ ಬಾಯಿಲೆ ಬರಲಿ. ಇಲ್ಲಿ ಗಡಿಯಾರಕ್ಕ ಕೀಲಿ ಕೊಟ್ಗೋತ ಕುಂತಿ, ಅಲ್ಲಿ ಕೂಸು ಹೆಸರಿಲ್ಲದ ಮಲಗ್ಯದ.”

ಬಾಗಿಲ ಹಿಂದಿನಿಂದ ಸೊಸೆಯೂ ಸೇರಿಸಿದಳು: “ಮಾವಾರ, ಮನ್ಯಾಗ ಬೆಕ್ಕಿಗಾದ್ರೂ ಒಂದು ಹೆಸರದರೀ.”

ಹೊರಡುವಾಗ ಅವ್ವ ನಮ್ಮ ತೋಟದ ಕೆಂಪು ಬಾಳೆಹಣ್ಣಿನ ಚಿಪ್ಪುಗಳನ್ನು ಒಣಎಲೆಯಲ್ಲಿ ಸುತ್ತಿ ಗಾಡಿಯಲ್ಲಿಟ್ಟಳು. ಯಾರಿಗೆಂದು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಕಲಬುರ್ಗಿ ಸ್ಟೇಷನ್

ನನ್ನ ಆಯುಷ್ಯದ ಬಹುಭಾಗ ರೈಲು ಸ್ಟೇಷನ್ನುಗಳಲ್ಲಿ ಕಳೆದಿದೆ. ಒಂಟಿ ಹಳಿಯ ಮೇಲೆ ಗಾಡಿ ಬಿಡುವ ಕೆಲಸ. ಮುಂದಿನ ಸ್ಟೇಷನ್ನಿನಿಂದ ಹಳಿ ಖಾಲಿ ಇದೆ ಎಂಬ ಮಾತು ಬರುವವರೆಗೆ ಲಾಟಸಾಹೇಬರ ಗಾಡಿಯಾದರೂ ನಿಲ್ಲಬೇಕು. ಮಾತು ಬಂದರೆ ಮಾತ್ರ ಹಸಿರು ಬಾವುಟ. ಹಳಿ ಖಾಲಿ ಇದ್ದೀತು ಎಂದು ಅಂದಾಜು ಮಾಡುವವನು ಆ ಕೆಲಸಕ್ಕೆ ಲಾಯಕ್ಕಲ್ಲ. ಅವ್ವನಿಗೆ ರೈಲಿನ ಕಾಯಿದೆ ಗೊತ್ತಿಲ್ಲ, ಆದರೂ ಅವಳು ಕೇಳಿದ್ದು ಅದನ್ನೇ. ಆದ್ದರಿಂದ ಒಳಗೊಳಗೆ ಸಿಟ್ಟಿದ್ದರೂ ಎದುರು ಮಾತಾಡಲು ನನಗೆ ಜಾಗ ಸಿಗಲಿಲ್ಲ.

ನಿವೃತ್ತಿಯ ಮೇಲೂ ಕಲಬುರ್ಗಿಯಲ್ಲಿ ಇಟ್ಟುಕೊಂಡಿದ್ದ, ಕೋಟೆಯ ಹತ್ತಿರದ ನನ್ನ ಮನೆಗೆ ಬೀಗ ಹಾಕಿ, ಹಾಸಿಗೆ ಸುತ್ತಿ, ಬುತ್ತಿ ಕಟ್ಟಿಕೊಂಡು ಸ್ಟೇಷನ್ನಿಗೆ ಬಂದರೆ ನನ್ನ ಕಾಲದಲ್ಲಿ ಹಳಿ ತಿರುಗಿಸುತ್ತಿದ್ದ ಪಾಯಿಂಟ್ಸ್‌ಮನ್ ಮೌಲಾಸಾಬ ಎದುರಾದ. ನನ್ನ ಕೈಯ ಗಂಟು ತಗೊಂಡು ನಡೆದ.

“ಕಿಧರ್ ಹೊಂಟೀರಿ ಮಾಸ್ಟರ್ ಸಾಬ್? ಪಟಗ ಭಾರಿ ಸುತ್ತೀರಿ, ಹೆಣ್ಣು ನೋಡಾಕೇನು?”

“ಪರಂಗ್ಯಾರ ಮುಲ್ಕಿಗೆ.”

ಅವನಿಗೆ ತಿಳಿಯಿತು. ದನಿ ಇಳಿಸಿದ. “ಮಗನ್ನ ಕರ್ಕೊಂಡ ಬರಾಕೇನ್ರಿ?”

“ಮಗನ್ನಲ್ಲ.”

“ಮತ್ತ?”

ಹೇಳಿದೆ. ಅವನು ಗಂಟನ್ನು ಬಾಕಿನ ಮೇಲಿಟ್ಟು, ಗಡ್ಡ ಕೆರೆದುಕೊಂಡು ಯೋಚಿಸಿದ. “ಯಾ ಅಲ್ಲಾ! ಹೋಗೋದು ಹೊಂಟೀರಿ, ಮಗನ್ನೂ ಕೇಳಿ ನೋಡ್ರಲ್ಲ. ಖರ್ಚು ಅಷ್ಟೇ ಬರ್ತದ.”

ಕೆಲಸದಲ್ಲಿದ್ದಾಗ ಅವನು ನನ್ನೆದುರು ಹೀಗೆ ಮಾತಾಡುತ್ತಿರಲಿಲ್ಲ. ನಿವೃತ್ತಿಯಾದವನಿಗೆ ಎಲ್ಲರೂ ಬುದ್ಧಿ ಹೇಳುತ್ತಾರೆ.

ಕೊಲ್ಲೆಂ

ಹೊಟಗಿಯಲ್ಲಿ ಗಾಡಿ ಬದಲಿಸಿ, ಗದಗು ಹುಬ್ಬಳ್ಳಿ ದಾಟಿ, ಘಟ್ಟ ಇಳಿದರೆ ಕೊಲ್ಲೆಂ. ಅಲ್ಲಿ ಪೋರ್ತುಗೀಜರ ಸುಂಕದ ಠಾಣೆ. ಘಟ್ಟದಲ್ಲಿ ಒಂದು ದೊಡ್ಡ ನೀರಿನ ಧಾರೆ ಬೀಳುತ್ತದೆ, ಗಾಡಿಯವರೆಲ್ಲ ಒಂದೇ ಕಡೆ ನುಗ್ಗಿ ನೋಡಿದರು. ಒಂದು ಮಗ್ಗುಲಿಗೆ ಅಷ್ಟು ಭಾರ ಬೀಳುವುದು ಒಳ್ಳೆಯದಲ್ಲ ಎಂದೆ. ಯಾರೂ ಕೇಳಲಿಲ್ಲ.

ಕೊಲ್ಲೆಂನಲ್ಲಿ ಎಲ್ಲರನ್ನೂ ಇಳಿಸಿ ಗಂಟು ಬಿಚ್ಚಿಸುತ್ತಾರೆ. ಅಧಿಕಾರಿ ಬಣ್ಣದಲ್ಲಿ ನಮ್ಮಂಥವನೇ, ಮೀಸೆ ಮಾತ್ರ ಬೇರೆ ದೇಶದ್ದು. ನನ್ನ ಜೋಳದ ರೊಟ್ಟಿಯನ್ನು ಎತ್ತಿ, ಬಾಗಿಸಿ, ಮುರಿದು, ಮೂಸಿ ಮತ್ತೆ ಇಟ್ಟ. ಆ ರೊಟ್ಟಿಯನ್ನು ನಾನು ನಾಯಿಗೆ ಹಾಕಬೇಕಾಯಿತು. ಆಮೇಲೆ ಹೆಸರು ಕೇಳಿದ, ಹೇಳಿದೆ. ಊರು ಕೇಳಿದ, ಹೇಳಿದೆ. ಮತ್ತೇನೋ ಕೇಳಿದ. ಧಾರವಾಡ ಕಡೆಯ ಹಮಾಲನೊಬ್ಬ ಪಕ್ಕದಲ್ಲಿ ನಿಂತು ಮಾತು ದಾಟಿಸುತ್ತಿದ್ದ.

“ನಿಮ್ಮಪ್ಪನ ಹೆಸರು ಕೇಳಾಕತ್ತಾನ್ರಿ.”

“ಕಾಗದ ಕೊಡು ಅನ್ನು, ಬರ್ದು ಕೊಡ್ತೀನಿ.”

“ಬಾಯಿಲೆ ಹೇಳಬೇಕಂತ್ರಿ.”

“ಬಾಯಿಲೆ ಬರಂಗಿಲ್ಲ.”

ಅಧಿಕಾರಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಏನೋ ಅಂದ. ಸುತ್ತಲಿನವರು ನಕ್ಕರು. ಏನೆಂದು ಕೇಳಿದೆ. ಹಮಾಲ ಹೇಳಲು ಒಲ್ಲೆನೆಂದ. ಒತ್ತಾಯ ಮಾಡಿದ ಮೇಲೆ ನೆಲ ನೋಡುತ್ತ ಹೇಳಿದ: “ಅಪ್ಪ ಯಾರಂತ ಗೊತ್ತಿಲ್ಲದವ್ರು ಈ ಗಾಡ್ಯಾಗ ಭಾಳ ಮಂದಿ ಬರ್ತಾರ. ಆದ್ರ ಇಷ್ಟು ಛಲೋ ಪಟಗ ಸುತ್ಕೊಂಡು ಯಾರೂ ಬಂದಿಲ್ಲ ಅಂದಾನ್ರಿ.”

ಪೆನ್ಸಿಲು ತೆಗೆದು ಬುತ್ತಿ ಸುತ್ತಿದ್ದ ಕಾಗದದ ಅಂಚಿನಲ್ಲಿ ಬರೆದೆ. ಹಮಾಲ ಶಾಲೆ ಕಂಡವನು, ಒಂದೊಂದೇ ಅಕ್ಷರ ಕೂಡಿಸಿ ಓದಿ, ಅಧಿಕಾರಿಗೆ ಕೇಳಲೆಂದು ಗಟ್ಟಿಯಾಗಿ “ಸಿದ್ರಾಮಪ್ಪ!” ಎಂದ. ಗದ್ದಲವಿತ್ತು, ಕೇಳಿಸಲಿಲ್ಲವೆಂದು ಮತ್ತೊಮ್ಮೆ ಕೂಗಿದ. ಮೀನಿನ ಬುಟ್ಟಿ, ಟ್ರಂಕು, ಕೋಳಿಪಂಜರಗಳ ನಡುವೆ ನನ್ನ ಅಪ್ಪನ ಹೆಸರು ಹಾಗೆ ಬಿತ್ತು. ಊರಲ್ಲಿ ಅವರು ದಾರಿಯಲ್ಲಿ ಬಂದರೆ ಕಟ್ಟೆಯ ಮೇಲೆ ಕೂತವರು ಎದ್ದು ನಿಲ್ಲುತ್ತಿದ್ದರು.

ವಾಸ್ಕೊ

ಬಂದರಿನ ಊರು ವಾಸ್ಕೊ. ಗಾಳಿಯೇ ಮೀನು ತಿಂದಂತೆ ಬೀಸುತ್ತದೆ. ಮೂಗಿಗೆ ಶಲ್ಯ ಹಿಡಿದುಕೊಂಡು ಇಳಿದೆ. ಸ್ಟೇಷನ್ನಿನಲ್ಲೇ ಸ್ನಾನ, ಲಿಂಗಪೂಜೆ ಮುಗಿಸಿ ಹೊರಬಿದ್ದಾಗ ಮಧ್ಯಾಹ್ನವಾಗಿತ್ತು. ಇಡೀ ಊರು ಬಾಗಿಲು ಹಾಕಿಕೊಂಡು ಮಲಗಿತ್ತು. ಹಗಲು ಹೊತ್ತಿನಲ್ಲಿ, ಅಂಗಡಿ ಮುಚ್ಚಿ, ನಾಚಿಕೆಯಿಲ್ಲದೆ! ನಮ್ಮ ಕಡೆ ಬಿಸಿಲಿಗೆ ಎಮ್ಮೆಗಳು ಹಾಗೆ ಬೀಳುತ್ತವೆ, ಆದರೆ ಅವುಗಳಿಗೆ ಅಂಗಡಿ ಇರುವುದಿಲ್ಲ.

ಎದ್ದಿದ್ದವನು ಒಬ್ಬನೇ. ಬಾಗಿಲಲ್ಲಿ ಹಿಟ್ಟಿನ ಚೀಲದ ಮೇಲೆ ಕೂತಿದ್ದ ಮುದುಕ. ಮಗನ ಮನೆ ಕೇಳಬೇಕಿತ್ತು. ಆ ಹೆಸರು ನನ್ನ ಬಾಯಿಗೆ ಅಂದೇ ಮೊದಲು ಬಂದದ್ದು, ಕಹಿ ಔಷಧಿಯ ಹಾಗೆ. “ಫೆಲಿಕ್ಸ್?” ಎಂದೆ.

ಮುದುಕ ಎದೆ ತಟ್ಟಿಕೊಂಡು ಎದ್ದ, ಕೈ ಹಿಡಿದು ಒಳಗೆ ಎಳೆದ, ಮಣೆ ಕೊಟ್ಟ, ಬಿಸಿ ಬ್ರೆಡ್ಡು ತಂದು ಎದುರಿಗಿಟ್ಟ. ಮಗನ ಮಾವನೇನೋ ಎಂದುಕೊಂಡು ನಾನು ಗಂಭೀರವಾಗಿ ಕೂತೆ. ನನ್ನ ಪಟಗ ನೋಡಿ ಅವನು ಕನ್ನಡಕ್ಕೆ ತಿರುಗಿದ. ಹುಬ್ಬಳ್ಳಿಯಲ್ಲಿ ಬಹಳ ಕಾಲ ಬೇಕರಿ ಇಟ್ಟಿದ್ದವನಂತೆ.

“ಬರ್ರಿ ಬರ್ರಿ! ನನ್ನ ಹುಡುಕ್ಕೊಂಡು ಹುಬ್ಬಳ್ಳಿಯಿಂದ ಬಂದ್ರೇನು? ಯಾರ ಕಡೆಯವ್ರು?”

“ನಾನು ಫೆಲಿಕ್ಸನ ಅಪ್ಪ.”

ಅವನು ಬಾಯಿ ತೆರೆದು ನನ್ನನ್ನು ನೋಡಿದ. ಆಮೇಲೆ ಬಿದ್ದು ಬಿದ್ದು ನಕ್ಕ. “ನಮ್ಮಪ್ಪ ಸತ್ತು ಎಷ್ಟೋ ವರ್ಷ ಆತಲ್ರೀ! ಈಗ ಬಂದ್ರೆ ಹ್ಯಾಂಗ? ಫೆಲಿಕ್ಸ್ ಅಂದ್ರ ನಾನು. ನಿಮಗ ಯಾವ ಫೆಲಿಕ್ಸ್ ಬೇಕು? ಈ ವಾಡ್ಯಾದಾಗ ಐದಾರು ಮಂದಿ ಅದೇವಿ.”

ಐದಾರು ಮಂದಿಗೆ ಒಂದೇ ಹೆಸರು! ಅದರಲ್ಲಿ ಅವನಿಗೆ ವಿಶೇಷವೇನೂ ಕಾಣಲಿಲ್ಲ. ಕುಂಟ ಫೆಲಿಕ್ಸ್, ತಂಬೂರಿ ಫೆಲಿಕ್ಸ್, ಬ್ರೆಡ್ಡಿನ ಫೆಲಿಕ್ಸ್ ಎಂದು ಗುರುತು ಹಚ್ಚಿ ಕರೆಯುತ್ತಾರಂತೆ. ಬಂದರಿನ ಫಿಟ್ಟರ್ ಎಂದ ಮೇಲೆ ಗುರುತು ಸಿಕ್ಕಿತು: ನನ್ನ ಮಗ ಸುತ್ತಿಗೆ ಫೆಲಿಕ್ಸ್.

“ಹೆಸರಿಗೆ ಅರ್ಥ ಏನರ ಅದನೋ, ಸುಮ್ಮ ಕೂಗಾಕೋ?” ಎಂದು ಕೇಳಿದೆ.

“ಅರ್ಥ ಅದರೀ! ಫೆಲಿಕ್ಸ್ ಅಂದ್ರ ಭಾಗ್ಯವಂತ. ಲಾಟಿನ್ ಭಾಷಾ.” ಅವನು ತೋಳು ಮಡಚಿ ತೋರಿಸಿದ. ಒಲೆಯಲ್ಲಿ ಸುಟ್ಟು, ಮೊಳಕೈವರೆಗೆ ಚರ್ಮ ಸುಕ್ಕಾಗಿತ್ತು. “ಇದು ನೋಡ್ರಿ ಭಾಗ್ಯ. ಹೆಂಡ್ತಿ ಹೋದ್ಲು. ಇಬ್ಬರು ಗಂಡು ಮಕ್ಕಳು ಹಡಗ ಹತ್ತಿದ್ರು, ಒಬ್ಬಾವ ಇಳೀಲೇ ಇಲ್ಲ. ಆದ್ರೂ ಮುಂಜಾನೆದ್ದು ಊರೆಲ್ಲ ‘ಏ ಭಾಗ್ಯವಂತ, ಬ್ರೆಡ್ ಕೊಡು’ ಅಂತದ. ಏನ್ ಮಾಡ್ತೀರಿ?”

ಬ್ರೆಡ್ಡು ನಾನು ಮುಟ್ಟಲಿಲ್ಲ. ಹುಳಿ ಹಿಡಿಸಲು ಹೆಂಡ ಹಾಕುತ್ತಾರೆಂದು ಕೇಳಿದ್ದೆ. ಅವನಿಗೆ ಬೇಸರವಾಗಲಿಲ್ಲ, ನಾನು ಬಿಟ್ಟದ್ದನ್ನು ತಾನೇ ತಿನ್ನುತ್ತ, ಮಗ ಕೆಲಸದಿಂದ ಬರುವುದು ಸಂಜೆಗೆ, ಅಲ್ಲಿಯವರೆಗೆ ಪಾದ್ರಿಯನ್ನು ಕಾಣಿರಿ, ಹೆಸರಿನ ಪೂರ್ವೋತ್ತರ ಅವರಿಗೆ ಗೊತ್ತು ಎಂದು ದಾರಿ ತೋರಿಸಿದ.

ಪಾದ್ರಿಯ ಪಡಸಾಲೆ

ಪಾದ್ರಿಯೂ ಮಲಗಿದ್ದರು. ಎದ್ದು, ಮುಖ ತೊಳೆದು, ನಿಲುವಂಗಿಯ ಗುಂಡಿಗಳನ್ನು ಗಂಟಲವರೆಗೆ ಒಂದೂ ಬಿಡದೆ ಹಾಕಿಕೊಂಡು ಬಂದರು. ಅದೊಂದು ನನಗೆ ಹಿಡಿಸಿತು. ಇಬ್ಬರಿಗೂ ಬರುವ ಇಂಗ್ಲಿಷಿನಲ್ಲಿ ಮಾತಾಡಿದೆವು.

ನನ್ನ ಮಗನಿಗೆ ಆ ಹೆಸರು ಯಾಕೆ ಇಟ್ಟಿರಿ, ಅದು ಯಾರದು, ಎಲ್ಲಿಯದು ಎಂದು ನೇರವಾಗಿ ಕೇಳಿದೆ. ಜಗಳಕ್ಕೆ ಬಂದವನನ್ನು ಶಾಲೆಯ ಮಾಸ್ತರರು ಕೂರಿಸಿ ಪಾಠ ಹೇಳುವ ಹಾಗೆ ಅವರು ಹೇಳತೊಡಗಿದರು. ಆ ಮಾತು ರೋಮಿನ ಹಳೆಯ ಜನರದು. ಮೊದಮೊದಲು ಅದನ್ನು ಮನುಷ್ಯರಿಗೆ ಅನ್ನುತ್ತಿರಲಿಲ್ಲ, ಗಿಡಮರಗಳಿಗೆ ಅನ್ನುತ್ತಿದ್ದರು. ಫಲ ಬಿಡುವ ಮರ ಫೆಲಿಕ್ಸ್. ಫಲ ಕೊಡದ ಅಪಶಕುನದ ಮರಗಳಿಗೆ ಬೇರೆ ಹೆಸರು, ಅವುಗಳಿಗೆ ಅಪರಾಧಿಗಳನ್ನು ತೂಗುಹಾಕುತ್ತಿದ್ದರು. ಫಲವಿದ್ದವನು ಭಾಗ್ಯವಂತ ಎಂದು ಮಾತು ಮರದಿಂದ ಮನುಷ್ಯನಿಗೆ ಬಂತು. ರೋಮಿನ ಒಬ್ಬ ಸೇನಾಪತಿ ತನ್ನದೇ ಪಟ್ಟಣವನ್ನು ಗೆದ್ದು, ಎದುರಾಳಿಗಳ ತಲೆ ತೆಗೆಸಿ, ಆಮೇಲೆ ತನ್ನ ಹೆಸರಿನ ಮುಂದೆ ತಾನೇ ಫೆಲಿಕ್ಸ್ ಎಂದು ಸೇರಿಸಿಕೊಂಡ. ಅಲ್ಲಿಯ ಸಾಹುಕಾರರು ಸಂತೆಯಲ್ಲಿ ಕೊಂಡುತಂದ ಗುಲಾಮರಿಗೂ ಇದೇ ಹೆಸರಿಡುತ್ತಿದ್ದರು.

“ಗು‍ಲಾಮನಿಗೆ ಭಾಗ್ಯವಂತನೆಂದೇ?” ಎಂದೆ.

“ಭಾಗ್ಯ ಯಜಮಾನನಿಗೆ ಬರಲಿ ಎಂದು,” ಎಂದರು ಪಾದ್ರಿ, ನಗದೆ.

ಬೈಬಲಿನಲ್ಲೂ ಒಬ್ಬ ಫೆಲಿಕ್ಸ್ ಇದ್ದಾನಂತೆ. ಗುಲಾಮಗಿರಿಯಿಂದ ಬಿಡುಗಡೆಯಾಗಿ ಅಧಿಕಾರಿಯಾದವನು. ಲಂಚದ ಆಸೆಗೆ ಒಬ್ಬ ಸಂತನನ್ನು ಸೆರೆಯಲ್ಲಿ ಕಾಯಿಸಿದ. ಅಂಥ ತಾಲೂಕು ಅಧಿಕಾರಿಗಳನ್ನು ನಾವೂ ಕಂಡಿದ್ದೇವೆ, ಅವರಿಗೆ ಫೆಲಿಕ್ಸ್ ಎಂಬ ಹೆಸರಿಲ್ಲ, ಅಷ್ಟೇ. ಕೊನೆಗೆ ಸಂತರು ಬಂದರು, ಒಬ್ಬರಲ್ಲ, ಬಹಳ ಮಂದಿ. ಅವರಲ್ಲಿ ಇಟಲಿಯ ನೋಲಾ ಎಂಬ ಊರಿನವನು ಒಬ್ಬ. ಹಿಡಿಯಲು ಬಂದ ಸಿಪಾಯಿಗಳಿಗೆ ಸಿಗದಂತೆ ಪಾಳು ಗೋಡೆಯ ಸಂದಿಯಲ್ಲಿ ಅಡಗಿದಾಗ, ಜೇಡವೊಂದು ಬಾಯಿಗೆ ಅಡ್ಡವಾಗಿ ಬಲೆ ನೇಯ್ದು ಅವನನ್ನು ಉಳಿಸಿತಂತೆ. ಕಾಲ ತಿಳಿಯಾದ ಮೇಲೆ ಅವನ ಆಸ್ತಿಯನ್ನು ವಾಪಸು ಕೊಡಲು ಬಂದರು. ಅವನು ಒಲ್ಲೆನೆಂದು, ತುಂಡು ನೆಲವನ್ನು ಗೇಣಿಗೆ ಹಿಡಿದು ಕಾಯಿಪಲ್ಲೆ ಬೆಳೆದುಕೊಂಡು ಬದುಕಿದ.

“ನನ್ನ ಮಗ ಆ ಕಥೆ ಕೇಳಿ ಆರಿಸಿಕೊಂಡನೇ?”

“ಇಲ್ಲ. ಅವನು ನೀರು ಹಾಕಿಸಿಕೊಂಡದ್ದು ಜನವರಿ ಹದಿನಾಲ್ಕಕ್ಕೆ. ಆ ದಿನ ನೋಲಾದ ಫೆಲಿಕ್ಸನದು. ಮರುದಿನ ಬಂದಿದ್ದರೆ ಬೇರೆ ಹೆಸರು.”

ಅಪ್ಪನ ಹೆಸರನ್ನು ಯಾವ ವೀರನಿಗೆ, ಯಾವ ದೇವರಿಗೆ ಒಪ್ಪಿಸಿಬಿಟ್ಟನೋ ಎಂದು ಇಷ್ಟು ವರ್ಷ ಹೊಟ್ಟೆ ಉರಿಸಿಕೊಂಡಿದ್ದೆ. ಇವರದೂ ಪಂಚಾಂಗ. ನಮ್ಮಲ್ಲಿ ಆ ದಿನ ಸಂಕ್ರಾಂತಿ. ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಮಾಡಿಕೊಂಡು ಹೊಲಕ್ಕೆ ಹೋಗಿದ್ದೆವು.

ಅವ್ವ ಕೊಟ್ಟ ಚಿಪ್ಪಿನಿಂದ ಒಂದು ಹಣ್ಣು ಮುರಿದು ಪಾದ್ರಿಗೆ ಕೊಟ್ಟೆ. ಬಂದ ಮನೆಯಲ್ಲಿ ಬರಿಗೈಯಲ್ಲಿ ಕೂರಬಾರದು. ಅವರು ಆ ಕೆಂಪು ಸಿಪ್ಪೆಯನ್ನು ತಿರುಗಿಸಿ ನೋಡಿ, “ನಿಮ್ಮ ಬಾಳೆಯೂ ಫೆಲಿಕ್ಸೇ ಆಯಿತು,” ಎಂದರು.

“ಬಾಳೆ ಒಂದೇ ಸಲ ಗೊನೆ ಹಾಕುತ್ತದೆ,” ಎಂದೆ. “ಗೊನೆ ಇಳಿಸಿದ ಮೇಲೆ ನಾವು ಅದನ್ನು ಬುಡಕ್ಕೆ ಕಡಿಯುತ್ತೇವೆ. ಪಕ್ಕದ ಮರಿ ಆ ಜಾಗಕ್ಕೆ ಬರುತ್ತದೆ.”

ಪಾದ್ರಿ ಹಣ್ಣನ್ನು ಸುಲಿಯಲಿಲ್ಲ. ಮೇಜಿನ ಮೇಲಿಟ್ಟರು.

ಸುತ್ತಿಗೆ ಫೆಲಿಕ್ಸನ ಮನೆ

ಹೆಂಚಿನ ಚಿಕ್ಕ ಮನೆ, ಮುಂದೆ ಎರಡು ತೆಂಗು, ಗೋಡೆಗೆ ಸುಣ್ಣ. ಚಪ್ಪಲಿಗಳು ಸಾಲಾಗಿದ್ದವು. ಅದನ್ನು ಅವನು ನನ್ನಿಂದ ಕಲಿತದ್ದು.

ಅವನು ಬಂದ. ಕೈಯೆಲ್ಲ ಎಣ್ಣೆ ಮಸಿ. ನನ್ನನ್ನು ಕಂಡು ಬಾಗಿಲಲ್ಲೇ ನಿಂತ, ಆಮೇಲೆ ಬಂದು ಮಸಿ ತಾಗದಂತೆ ಮೊಳಕೈ ಊರಿ ಕಾಲಿಗೆ ಬಿದ್ದ. ಎದ್ದಾಗ ಅಂಗಿಯೊಳಗಿನಿಂದ ಶಿಲುಬೆ ಹೊರಗೆ ಜಾರಿತ್ತು. ಒಳಗೆ ಹಾಕಿಕೊಂಡ.

“ಆಯಿ ಹ್ಯಾಂಗಿದ್ದಾಳ್ರೀ?” ನನ್ನ ಅವ್ವನನ್ನು ಅವನು ಕರೆಯುವುದು ಹಾಗೆ.

“ನಿನ್ನಕಿಂತ ಗಟ್ಟಿ ಅದಾಳ.”

“ಊಟ?”

“ಬುತ್ತಿ ಅದ.”

ಅವನ ಹೆಂಡತಿ ರೋಜಾ. ತುಂಬಿದ ಬಸುರಿ. ಬಾಯಿಗೆ ಬಟ್ಟೆ ಕಟ್ಟಿದ ಹೊಸ ಮಣ್ಣಿನ ಕೊಡವನ್ನು ನನ್ನೆದುರು ಇಟ್ಟು ದೂರ ಸರಿದಳು. ನಾನು ಬಂದಿದ್ದೇನೆಂಬ ಸುದ್ದಿ ಬೇಕರಿಯಿಂದ ಮುಟ್ಟಿದ್ದೇ ಅವಳು ಸಂತೆಗೆ ಹೋಗಿ ಕೊಡ ಕೊಂಡು, ನಮ್ಮವರ ಬಾವಿಯಿಂದ ನೀರು ತರಿಸಿದ್ದಳಂತೆ. ಕೊಡ ಹೊಸದೆಂಬುದಕ್ಕೆ ಅಂಗಡಿಯ ಹುಲ್ಲು ಇನ್ನೂ ಅಂಟಿತ್ತು. ಬಾಳೆಹಣ್ಣನ್ನು ಅವಳ ಕಡೆ ಸರಿಸಿದೆ. ಅವಳು ಹಣ್ಣು ತೆಗೆದುಕೊಂಡು, ತನ್ನ ಭಾಷೆಯಲ್ಲಿ ಏನೋ ಕೇಳಿದಳು. ಮಗ ನಕ್ಕ.

“ಏನಂತಾಳ?”

“ನಿಮ್ಮ ಹೆಸರು ಏನಂತ ಕೇಳ್ತಾಳ್ರೀ. ಇವರೊಳಗ ಮೊದಲನೇ ಗಂಡಿಗೆ ಗಂಡನ ಅಪ್ಪನ ಹೆಸರು ಇಡೋ ರೂಢಿ ಅದ. ಮನ್ಯಾಗ ಕರೀಲಾಕ.”

“ನಾ ಇನ್ನಾ ಬದುಕೀನಿ!”

“ಬದುಕಿದವರದೂ ಇಡ್ತಾರ್ರೀ. ಮರ್ಯಾದಿ ಅಂತ.”

ನಮ್ಮ ಮನೆಯಲ್ಲಿ ಬದುಕಿದ್ದವನ ಹೆಸರನ್ನು ಕೂಸಿಗಿಟ್ಟರೆ ಅವನ ಚಟ್ಟ ಕಟ್ಟಿದಂತೆ. ಅದನ್ನು ಇವಳಿಗೆ ಯಾರು ಹೇಳಬೇಕು? ಇನ್ನೊಂದು ಮಾತು ಆಗ ಹೊಳೆಯಿತು. “ಇಷ್ಟು ದಿನ ಸಂಸಾರ ಮಾಡಿ ನನ್ನ ಹೆಸರು ಹೇಳಿಲ್ಲೇನು ನೀ ಆಕಿಗೆ?”

ಅವನು ಚಿಂದಿಯಿಂದ ಕೈ ಒರೆಸಿಕೊಳ್ಳುತ್ತಿದ್ದ. “ಅಪ್ಪನ ಹೆಸರು ಬಾಯಿಲೆ ಹ್ಯಾಂಗ ಹೇಳ್ಲಿ?” ಎಂದ.

ಏನು ಹೇಳಬೇಕೆಂದು ಗಾಡಿಯಲ್ಲಿ ಜೋಡಿಸಿಕೊಂಡು ಬಂದದ್ದೆಲ್ಲ ಕಲೆಸಿಹೋಯಿತು. ಕೆಟ್ಟು ಹೋದ ಮಗನಾದರೆ ಪೂರಾ ಕೆಡಬೇಕು. ಹೀಗೆ ಒಂದು ಕಟ್ಟಳೆ ಮುರಿದು, ಒಂದು ಕಟ್ಟಳೆ ಇಟ್ಟುಕೊಂಡರೆ ಅವನೊಡನೆ ವ್ಯವಹಾರ ಮಾಡುವುದು ಹೇಗೆ? ನೀರು ಕುಡಿದು, ಬಂದ ಕೆಲಸ ಹೇಳಿದೆ.

“ಮನ್ಯಾಗ ಕೂಸು ಹೆಸರಿಲ್ಲದ ಕಾಯಾಕತ್ತದ. ಮುತ್ಯಾನ ಹೆಸರು ನಿನ್ನ ಮ್ಯಾಲದ. ಇಟ್ಕೋತೀನಿ ಅಂದ್ರ ಊರಿಗೆ ಬಾ. ಇಲ್ಲಂದ್ರ ಬಿಟ್ಟೀನಿ ಅನ್ನು. ನಿನ್ನ ಬಾಯಿಲೆ ಬರಬೇಕು ಅಂತ ಆಯಿ ಹೇಳ್ಯಾಳ.”

“ಕೊಡ್ತೀನ್ರೀ. ಕೂಸಿನಕಿಂತ ಹೆಚ್ಚಿಂದೇನದ ನನಗ?” ಅಷ್ಟು ಸುಲಭವಾಗಿ ಅಂದ. ಹಳೆಯ ಕಂಬಳಿ ಕೊಟ್ಟ ಹಾಗೆ. ಆಮೇಲೆ ಚಿಂದಿಯನ್ನು ಮಡಚಿ ಕಿಟಕಿಯಲ್ಲಿಟ್ಟು, “ಆದ್ರ ಒಂದು ಮಾತು. ಒಂದ್ಸಲ ನನ್ನ ಆ ಹೆಸರ್ಲೆ ಕರೀರಿ,” ಎಂದ.

“ಯಾಕ?”

“ನನಗ ಅದನ್ನ ಇಟ್ಟೀರಿ ಅಂತ ಮಂದಿ ಹೇಳಿದ್ದು ಕೇಳೀನಿ. ಕರ್ದಿದ್ದು ಕೇಳಿಲ್ಲ. ಕೈಗೆ ಬರದಿದ್ದನ್ನ ವಾಪಸ್ ಕೊಡೋದು ಹ್ಯಾಂಗ್ರೀ? ನಿಮ್ಮ ಬಾಯಿಲೆ ಒಮ್ಮೆ ಬರಲಿ, ಓ ಅಂತೀನಿ. ಅಲ್ಲಿಗೆ ನನ್ನ ಕೈಗೆ ಬಂದಂಗಾತು, ತಗೊಂಡ ಹೋಗ್ರಿ.”

“ಅದು ನಿಮ್ಮ ಮುತ್ಯಾನ ಹೆಸರು.”

“ನನ್ನದೂ ಹೌದಲ್ರೀ.”

“ಪಾದ್ರಿ ಕರ್ದಾನಲ್ಲ, ಸಾಕಾಗ್ಲಿಲ್ಲೇನು?”

“ಪಾದ್ರಿ ಕರ್ದ ಮರುದಿನದಿಂದ ಇಡೀ ಬಂದರ ಕರೀತದ್ರೀ. ಅದಕ್ಕ ಸಾಕಾಗ್ಯದ.”

ಬಾಯಿ ತೆರೆದೆ. ತೆರೆದದ್ದು ನಿಜ. ನಾಲಿಗೆ ಮೇಲಕ್ಕೆ ಹೋಗಿ ಹಲ್ಲಿನ ಹಿಂದೆ ನಿಂತಿತು. ಕಟ್ಟೆಯ ಮೇಲಿನಿಂದ ಎದ್ದು ನಿಲ್ಲುವ ಜನ ಕಂಡರು, ಅವ್ವ ಕಂಡಳು. ಮಗ ನನ್ನ ಬಾಯಿಯನ್ನೇ ನೋಡುತ್ತಿದ್ದ. ರೋಜಾ ಏನೆಂದು ತಿಳಿಯದೆ ಅವನನ್ನೂ ನನ್ನನ್ನೂ ನೋಡುತ್ತಿದ್ದಳು. ನಾನು ಕೊಡದ ಬಾಯಿ ಮುಚ್ಚಿ, ನನ್ನ ಬಾಯಿಯನ್ನೂ ಮುಚ್ಚಿದೆ.

ಅವನು ಒತ್ತಾಯ ಮಾಡಲಿಲ್ಲ. ಜಗುಲಿಯ ಮೇಲೆ ನನಗೆ ಹಾಸಿಗೆ ಬಿಡಿಸಿಕೊಟ್ಟು ಒಳಗೆ ಹೋದ.

ಪ್ಲಾಟ್‌ಫಾರ್ಮ್

ಬೆಳಿಗ್ಗೆ ಗಾಡಿ ಹತ್ತಿಸಲು ಬಂದ. ನನ್ನ ಗಂಟನ್ನು ಬಾಕಿನ ಕೆಳಗೆ, ಹಾಸಿಗೆಯನ್ನು ಮೇಲೆ, ನಾನು ಇಡುವ ಕ್ರಮದಲ್ಲೇ ಇಟ್ಟ. ಸಿಗ್ನಲ್ ಬಿತ್ತು. ಬಂದರಿನ ಕಡೆ ಕೆಲಸದ ಭೋಂಗಾ ಕೂಗಿತು. “ಹೊತ್ತಾತ್ರೀ ಅಪ್ಪಾ, ಬರ್ತೀನಿ,” ಎಂದು ಕಾಲು ಮುಟ್ಟಿ ಇಳಿದ. ಗಾಡಿ ಹೋಗುವ ದಿಕ್ಕಿಗೇ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಬೇಗಬೇಗ ನಡೆದ. ಕೆಲಸಕ್ಕೆ ತಡವಾಗಬಾರದೆಂಬುದೂ ನನ್ನ ಮನೆಯದೇ ಪಾಠ.

ಗಾಡಿ ಅಲುಗಿತು. ಅವನ ಬೆನ್ನು ಹತ್ತಿರ ಹತ್ತಿರ ಬರತೊಡಗಿತು. ಭುಜ ಥೇಟ್ ನನ್ನ ಅಪ್ಪನದು, ಎಡಗಡೆ ತುಸು ಇಳುಕಲು. ತೊಟ್ಟಿಲಲ್ಲಿ ಮಲಗಿದ ಕೂಸು ನೆನಪಾಯಿತೋ, ಬರಿಗೈಯಲ್ಲಿ ಹೋಗುವ ಸಿಟ್ಟೋ, ಏನೆಂದು ಹೇಳಲಾರೆ. ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದೆ.

“ಸಿದ್ರಾಮಪ್ಪಾ!”

ಗಾಡಿಗಳ ಸದ್ದಿನ ಮೇಲೆ ಕೂಗಿ ಪಳಗಿದ ದನಿ ನನ್ನದು, ಸಣ್ಣದಲ್ಲ. ಹಮಾಲ ತಿರುಗಿದ. ಮೀನಿನ ಹೆಂಗಸು ತಿರುಗಿದಳು. ಕಂಬಕ್ಕೆ ಒರಗಿದ್ದ ನಾಯಿ ಕಿವಿ ಎತ್ತಿತು. ಅವನು ನಡೆಯುತ್ತಿದ್ದ.

“ಸಿದ್ರಾಮಪ್ಪಾ! ಏ ಸಿದ್ರಾಮಪ್ಪಾ!”

ಅವನ ಹೆಜ್ಜೆ ತಪ್ಪಲಿಲ್ಲ, ಕುತ್ತಿಗೆ ಅಲುಗಲಿಲ್ಲ. ಅಷ್ಟರಲ್ಲಿ ದೂರದ ಶೆಡ್ಡಿನ ಬಾಗಿಲಿಂದ ಯಾರೋ, ಕೂಗಿದ್ದೂ ಅಲ್ಲ, ಸುಮ್ಮನೆ, “ಫೆಲಿಕ್ಸ್” ಎಂದರು. ತಟ್ಟನೆ ಆ ಕಡೆ ತಿರುಗಿ ಕೈ ಎತ್ತಿದ. ಮುಖದ ಅರ್ಧ ನನಗೆ ಕಂಡಿತು, ನಗುತ್ತಿದ್ದ. ನನ್ನ ಡಬ್ಬಿ ಅವನನ್ನು ದಾಟಿ ಹೋಯಿತು.

ಬೇಕೆಂದೇ ತಿರುಗಲಿಲ್ಲವೆಂದು ನೀವು ಅನ್ನಬಹುದು. ಹಾಗಿದ್ದರೆ ನನಗೆ ಸಮಾಧಾನವಿತ್ತು. ಕೇಳಿಸಿಯೂ ಕೇಳದವನ ಬೆನ್ನು ಬಿಗಿಯುತ್ತದೆ. ಅಂಥ ಬೆನ್ನುಗಳನ್ನು ಸ್ಟೇಷನ್ನಿನಲ್ಲಿ ದಿನಾ ಕಂಡವನು ನಾನು. ಅವನ ಬೆನ್ನು ಸಡಿಲವಾಗಿಯೇ ಇತ್ತು. ಬೇರೆ ಯಾರನ್ನೋ ಯಾರೋ ಕರೆಯುತ್ತಿದ್ದಾರೆ, ಅಷ್ಟೇ.

ಮತ್ತೆ ಕಮಲಾಪುರ

ಅವ್ವ ಬಾಗಿಲಲ್ಲೇ ಕೂತಿದ್ದಳು. ಕಾಲಿಗೆ ನೀರು ಕೊಡುವ ಮೊದಲೇ ಕೇಳಿದಳು, “ಕೊಟ್ಟನೇನು?”

“ಅವನ ಹತ್ರ ಇರಲಿಲ್ಲವ್ವ,” ಎಂದೆ.

ಅವಳು ಗೋಡೆ ಹಿಡಿದು ಎದ್ದು, “ಇಡ್ರಿ ಹಂಗಾದ್ರ,” ಎಂದು ಒಳಗೆ ಹೇಳಿದಳು.

ಅಂದೇ ಸಂಜೆ ಓಣಿಯ ಹೆಂಗಸರು ಸೇರಿದರು. ನನ್ನ ತಂಗಿ ತೊಟ್ಟಿಲ ಮೇಲೆ ಬಾಗಿ, ಕೂಸಿನ ಕಿವಿಗೆ ಬಾಯಿ ಹಚ್ಚಿ, ಹೆಸರು ಹೇಳಿದಳು. ನಮ್ಮಲ್ಲಿ ಅದನ್ನು ಹೇಳುವುದೇ ಹಾಗೆ, ಆ ಹೊತ್ತಿಗೆ ಮಗಳಾದವಳಿಗೂ ಕಟ್ಟಳೆ ಅಡ್ಡಿಯಿಲ್ಲ. ಪಕ್ಕದಲ್ಲಿ ನಿಂತಿದ್ದ ನನಗೂ ಕೇಳಿಸಲಿಲ್ಲ.